ಬಿಟ್ಟು ಮೂರು ತಿಂಗಳಾಯಿತು, ಯಾಕೆ ಇನ್ನೂ ಹೀಗೆ?

ಕುಡಿತ ಬಿಟ್ಟು ಮೂರು ತಿಂಗಳು. ರಾತ್ರಿ ನಿದ್ದೆ ಹತ್ತುವುದಿಲ್ಲ, ತೋಟದ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ, ಮನೆಯವರ ಮುಖದಲ್ಲಿ ಅನುಮಾನ ಹೋಗಿಲ್ಲ. ‘ಇಷ್ಟಕ್ಕಾ ನಾನು ಬಿಟ್ಟಿದ್ದು?’ ಎಂಬ ಮಾತು ಬಾಯಿಗೆ ಬರುವುದು ಈ ಹೊತ್ತಿನಲ್ಲೇ. ಮತ್ತೆ ಕುಡಿತಕ್ಕೆ ಬೀಳುವವರಲ್ಲಿ ಹೆಚ್ಚಿನವರು ಬೀಳುವುದೂ ಮೊದಲ ಕೆಲವು ತಿಂಗಳಲ್ಲೇ. ಹಾಗಾಗಿ ಈ ಬೇಸರವನ್ನು ಹಗುರವಾಗಿ ನೋಡಬಾರದು.

ವರ್ಷಗಟ್ಟಲೆ ದಿನವೂ ಮದ್ಯ ಬಿದ್ದ ಮಿದುಳು ಅದರ ಮಂಪರಿಗೆ ಎದುರಾಗಿ ತನ್ನನ್ನು ಸದಾ ಚುರುಕಾಗಿಟ್ಟುಕೊಳ್ಳಲು ಕಲಿತಿರುತ್ತದೆ. ಮದ್ಯ ನಿಂತಾಗ ಆ ಚುರುಕು ಮಾತ್ರ ಉಳಿಯುತ್ತದೆ. ಕೈನಡುಕ, ಬೆವರು, ಗಾಬರಿ ಬರುವುದು ಇದರಿಂದ. ವಿಪರೀತ ಕುಡಿಯುತ್ತಿದ್ದವರಿಗೆ ಮೊದಲ ಮೂರು ನಾಲ್ಕು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯವಾಗಬಹುದು. ಅಂಥವರು ವೈದ್ಯರ ನಿಗಾದಲ್ಲೇ ಬಿಡಬೇಕು. ಆ ಕಂಟಕ ದಾಟಿದ ಮೇಲೆ ಯಕೃತ್ತಿನಲ್ಲಿ ಸೇರಿದ ಕೊಬ್ಬು ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ, ಊಟ ರುಚಿಸುತ್ತದೆ. ನಿದ್ದೆ ಮಾತ್ರ ತಿಂಗಳುಗಟ್ಟಲೆ ಸತಾಯಿಸುತ್ತದೆ. ಖುಷಿ ಮರಳುವುದೂ ನಿಧಾನ. ಹಬ್ಬ, ಮಗುವಿನ ನಗು, ಒಳ್ಳೆಯ ಮಳೆ, ಯಾವುದೂ ಮೊದಲಿನಂತೆ ತಾಕದ ಒಂದು ಕಾಲ ಬರುತ್ತದೆ. ಅದು ನಿಮ್ಮ ಸ್ವಭಾವವಲ್ಲ, ಗುಣವಾಗುವ ದಾರಿಯಲ್ಲಿ ಬರುವ ಒಂದು ಘಟ್ಟ.

ಕರ್ನಾಟಕಕ್ಕೆ ಅಂಟಿದ ಆಂಧ್ರದ ರೊಳ್ಳದಂಥ ಗಡಿ ಊರಿನಲ್ಲಿ ಇದಕ್ಕೆ ಇನ್ನೊಂದು ಭಾರವೂ ಸೇರುತ್ತದೆ. ಆಂಧ್ರದಲ್ಲಿ 1993ರಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ಣ ಪಾನನಿಷೇಧ ಬಂತು, 1997ರಲ್ಲಿ ಅದು ಹೋಯಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಅಂದರೆ ಈ ಕಡೆ ಬಾಗಿಲು ಹಾಕಿದ್ದಾಗಲೂ ಗಡಿಯಾಚೆ ಕರ್ನಾಟಕದ ಶಿರಾ ಕಡೆ ತೆರೆದೇ ಇತ್ತು. ಸುತ್ತಲಿನ ಲೋಕ ಒಣಗಲೆಂದು ಕಾದು ಕೂರಲು ಇಲ್ಲಿ ಯಾರಿಗೂ ಆಗದು. ಸಂಜೆ ಆರೂವರೆಗೆ ಕೈಗೆ ಏನು ಕೆಲಸ, ಯಾರ ಜೊತೆ ಕೂರಬೇಕು, ಬೆಲ್ಟ್ ಷಾಪಿನ ಮುಂದೆ ಹಾಯದ ದಾರಿ ಯಾವುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸಣ್ಣ ಕೆಲಸವೆನಿಸಿದರೂ ಮೊದಲ ವರ್ಷ ಇದರ ಮೇಲೇ ನಿಂತಿರುತ್ತದೆ.

ಎಲ್ಲಕ್ಕಿಂತ ತಡವಾಗಿ ಬರುವುದು ಮನೆಯವರ ನಂಬಿಕೆ. ಶಿರಾಕ್ಕೆ ಹೋಗಿ ಸಂಜೆ ಬಸ್ಸಿಳಿದು ಬಂದ ಗಂಡನಿಗೆ ನೀರು ಕೊಡುವ ನೆಪದಲ್ಲಿ ಹೆಂಡತಿ ಹತ್ತಿರ ಬಂದು ಉಸಿರು ನೋಡುತ್ತಾಳೆ. ಅವನಿಗೆ ಅದು ಅವಮಾನ. ಅವಳಿಗೆ ಅದು ಹತ್ತು ವರ್ಷದ ಭಯದಿಂದ ಬಂದ ಅಭ್ಯಾಸ. ಅವನು ಬಿಟ್ಟದ್ದು ಮೂರು ತಿಂಗಳ ಹಿಂದೆ, ಅವಳ ಭಯ ಅದೇ ದಿನ ಬಿಟ್ಟುಹೋಗಲು ಸಾಧ್ಯವಿಲ್ಲ. ಎಲ್ಲಿಗೆ ಹೋಗಿದ್ದೆ, ಎಷ್ಟು ಖರ್ಚಾಯಿತು ಎಂದು ಕೇಳುವ ಮುಂಚೆ ಅವನೇ ಹೇಳಿದರೆ, ‘ಈ ತಿಂಗಳು ಸಾಲ ಮಾಡಲಿಲ್ಲ’ ಎಂದು ಅವಳೂ ಬಾಯಿಬಿಟ್ಟು ಹೇಳಿದರೆ, ಇಬ್ಬರಿಗೂ ಮುಂದಿನ ತಿಂಗಳು ಹಗುರ.

ತಾಳ್ಮೆ ಕಳೆದುಕೊಂಡ ಮನೆಗಳಲ್ಲಿ ನಡೆಯುವ ಒಂದು ಕೆಲಸದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಕುಡಿತ ಬಿಡಿಸುವ ಪುಡಿಯನ್ನು, ಮಾತ್ರೆಯನ್ನು ಕಾಫಿಯಲ್ಲೋ ಸಾರಿನಲ್ಲೋ ಗುಟ್ಟಾಗಿ ಬೆರೆಸಲೇಬೇಡಿ. ಅಂಥದೊಂದು ಮಾತ್ರೆಯಾದ ಡೈಸಲ್ಫಿರಾಮ್ ಹೊಟ್ಟೆಯಲ್ಲಿರುವಾಗ ಮದ್ಯ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತದಿಂದ ಪ್ರಾಣವೇ ಹೋಗಬಹುದು. ತಿಳಿದು, ಒಪ್ಪಿ, ವೈದ್ಯರು ಹೇಳಿದಂತೆ ತೆಗೆದುಕೊಳ್ಳುವವರಿಗೆ ಮಾತ್ರ ಅದು ಔಷಧಿ. ಚಪಲ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಬೇರೆ ಮಾತ್ರೆಗಳೂ ಇವೆ.

ಒಂದು ದಿನ ಕಾಲು ಜಾರಿತೆನ್ನಿ. ‘ಎಲ್ಲಾ ಹೋಯ್ತು, ಇನ್ನೇನು’ ಎಂಬ ಯೋಚನೆಯೇ ಎರಡನೆಯ ದಿನವೂ ಕುಡಿಸುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ವಿವರಿಸಿದರು. ತೊಂಬತ್ತು ದಿನ ಕುಡಿಯದೆ ಇದ್ದದ್ದು ಒಂದು ರಾತ್ರಿಯಿಂದ ಅಳಿಸಿಹೋಗುವುದಿಲ್ಲ. ಆವತ್ತು ಎಲ್ಲಿ, ಯಾರ ಜೊತೆ, ಯಾವ ಸಿಟ್ಟಿನಲ್ಲಿ ಜಾರಿತು ಎಂದು ನೋಡಿ ಮರುದಿನವೇ ವೈದ್ಯರಿಗೋ ಆಪ್ತರಿಗೋ ಹೇಳಬೇಕು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಆದರೆ ಶಿಬಿರ ಮುಗಿಸಿದವರು ಊರಿನಲ್ಲಿ ಸೇರುತ್ತಿರಲೆಂದು ನವಜೀವನ ಸಮಿತಿಗಳನ್ನೂ ಕಟ್ಟಿದ್ದಾರೆ. ಎಂಟು ದಿನಕ್ಕೆ ಮುಗಿಯುವ ಕೆಲಸ ಇದಲ್ಲ ಎಂಬುದು ಅವರಿಗೆ ಗೊತ್ತು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರಿಗೆ 14446 ವ್ಯಸನಮುಕ್ತಿ ಸಹಾಯವಾಣಿ. ಮನಸ್ಸಿನ ತೊಳಲಾಟಕ್ಕೆ 14416 ಟೆಲಿ ಮಾನಸ್ ಹಗಲೂ ರಾತ್ರಿಯೂ ಸಿಗುತ್ತದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕುಡಿದ ಮೇಲೆಯೇ ಫೋನು ಮಾಡಬೇಕೆಂದಿಲ್ಲ, ಬೇಸರ ಹತ್ತಿದ ಸಂಜೆಯೇ ಮಾಡಬಹುದು. ಮನೆಯವರೂ ಮಾಡಬಹುದು.