ಭಾರ, ಬಿಡುವು, ಮೂಳೆ

ಡಿಸೆಂಬರ್ ಕೊನೆಗೆ ಕಲಬುರಗಿಯ ನೆಹರು ಗಂಜ್‌ನಲ್ಲಿ ಹೊಸ ತೊಗರಿಯ ಆವಕ ಜೋರಾಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಸೀಮೆಯ ತೊಗರಿ ಗಾಡಿಯಿಂದ ಅಡತಿ ಅಂಗಡಿಗೆ, ಅಲ್ಲಿಂದ ಲಾರಿಗೆ ಹೋಗುವುದು ಇವತ್ತಿಗೂ ಹೆಚ್ಚಾಗಿ ಹಮಾಲರ ಬೆನ್ನ ಮೇಲೆಯೇ. ಅವರು ಚೀಲ ಹೊರುವ ರೀತಿ ನಿಂತು ನೋಡುವಂಥದ್ದು. ಇಬ್ಬರು ಎರಡು ತುದಿ ಹಿಡಿದು ಎತ್ತಿಕೊಡುತ್ತಾರೆ. ಹೊರುವವನು ಮೊಣಕಾಲು ತುಸು ಮಡಚಿ, ಮುಂದಕ್ಕೆ ಬಾಗಿ, ಕತ್ತಿನ ಬುಡದಲ್ಲಿ ಚೀಲ ಕೂರಿಸಿಕೊಂಡು, ಒಂದು ಕೈಯಿಂದ ಅದರ ಮೂಲೆ ಹಿಡಿದು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬಿರುಸಾಗಿ ನಡೆಯುತ್ತಾನೆ. ಇಳಿಸಿ ಬಂದರೆ ಮತ್ತೊಂದು ಚೀಲ ಕಾದಿರುತ್ತದೆ.

ಇಷ್ಟು ಹೊರುವವರ ಮೂಳೆ ಗಟ್ಟಿಯಾಗಿಯೇ ಇರಬೇಕು ಎಂದು ನಾವೆಲ್ಲ ನಂಬಿದ್ದೇವೆ. ಆ ನಂಬಿಕೆ ಅರ್ಧ ಮಾತ್ರ ಸರಿ.

ಮೂಳೆ ಜೀವಂತ ಅಂಗ. ಅದರೊಳಗೆ ಹಳೆಯದನ್ನು ಕರಗಿಸುವ ಜೀವಕಣಗಳೂ ಹೊಸದನ್ನು ಕಟ್ಟುವ ಕಣಗಳೂ ಸದಾ ಕೆಲಸದಲ್ಲಿರುತ್ತವೆ. ಬಿದ್ದ ಭಾರಕ್ಕೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿದ್ದ. ಭಾರ ಬಿದ್ದಾಗ ಮೂಳೆ ಕೂದಲೆಳೆಯಷ್ಟು ಬಾಗುತ್ತದೆ. ಒಳಗಿನ ಸೂಕ್ಷ್ಮ ನಾಳಗಳಲ್ಲಿ ದ್ರವ ಸರಿಯುತ್ತದೆ. ಅಲ್ಲಿ ಹುದುಗಿರುವ ಆಸ್ಟಿಯೋಸೈಟ್ ಎಂಬ ಕಣಗಳು ಅದನ್ನು ಗ್ರಹಿಸಿ, ಮೂಳೆ ಕಟ್ಟುವುದನ್ನು ತಡೆಯುವ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಕಡಿಮೆ ಮಾಡುತ್ತವೆ. ಆಗ ಕಟ್ಟುವ ಕೆಲಸ ಶುರುವಾಗುತ್ತದೆ.

ಆದರೆ ಈ ಗ್ರಹಿಕೆ ಬೇಗ ಮಂಕಾಗುತ್ತದೆ. ಹಕ್ಕಿಯ ರೆಕ್ಕೆಯ ಮೂಳೆಯ ಮೇಲೆ ರೂಬಿನ್ ಮತ್ತು ಲ್ಯಾನಿಯನ್ ಎಂಬ ವಿಜ್ಞಾನಿಗಳು ನಡೆಸಿದ ಪ್ರಯೋಗ 1984ರಲ್ಲಿ ಪ್ರಕಟವಾಯಿತು. ದಿನಕ್ಕೆ 36 ಸಲ ಭಾರ ಹಾಕಿದಾಗ ಮೂಳೆ ಬೆಳೆಯಿತು. 1,800 ಸಲ ಹಾಕಿದರೂ ಅದಕ್ಕಿಂತ ಹೆಚ್ಚೇನೂ ಬೆಳೆಯಲಿಲ್ಲ. ಮೂಳೆಗೆ ಬೇಕಾದದ್ದು ಜೋರಾದ, ಚುಟುಕಾದ ಭಾರ, ಅದರ ನಂತರ ಬಿಡುವು. ನನ್ನ ಪ್ರಕಾರ ಈ ವಿಷಯದ ಜೀವಾಳವೇ ಇದು.

ಭಾರ ಎತ್ತುವ ಸ್ಪರ್ಧೆಯನ್ನೇ ನೋಡಿ. ಕುಂದಾಪುರದ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಸ್ಪರ್ಧೆಯಲ್ಲಿ ಒಬ್ಬರಿಗೆ ಸಿಗುವುದು ಆರೇ ಆರು ಅವಕಾಶ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರೂ ಹಾಗೆಯೇ: ಎತ್ತುವುದು ಕೆಲವೇ ಸಲ, ಉಳಿದದ್ದು ಖುರಾಕು ಮತ್ತು ನಿದ್ದೆ. ಹಮಾಲನಿಗೆ ಆ ಲೆಕ್ಕ ತಿರುಗುಮುರುಗು. ಮೂಳೆಗೆ ಸಿಗಬೇಕಾದ ಲಾಭ ಬೆಳಗಿನ ಮೊದಲ ಕೆಲವು ಚೀಲಗಳಲ್ಲೇ ಸಿಕ್ಕಿರುತ್ತದೆ. ಮಿಕ್ಕ ದಿನದ ಭಾರವನ್ನು ತಿನ್ನುವುದು ಕತ್ತಿನ, ಸೊಂಟದ, ಮೊಣಕಾಲಿನ ಕೀಲುಗಳು ಮತ್ತು ಬೆನ್ನುಮೂಳೆಯ ನಡುವಿನ ಮೆತ್ತನೆಯ ಬಿಲ್ಲೆಗಳು. ಅವು ಮೂಳೆಯ ಹಾಗೆ ಮತ್ತೆ ಕಟ್ಟಿಕೊಳ್ಳುವುದಿಲ್ಲ, ಸವೆಯುತ್ತವೆ.

ಇನ್ನು ಹಾರ್ಮೋನು. ಭಾರ ಎತ್ತಿದೊಡನೆ ಟೆಸ್ಟೊಸ್ಟೆರಾನ್, ಬೆಳವಣಿಗೆಯ ಹಾರ್ಮೋನು ಏರುತ್ತವೆ, ನಿಜ. ಸುಮಾರು ಒಂದು ಗಂಟೆಯಲ್ಲಿ ಇಳಿದೂ ಬಿಡುತ್ತವೆ. ಆ ಏರಿಕೆಯಿಂದಲೇ ಮೈ ಬೆಳೆಯುತ್ತದೆಂದು ನಂಬಿ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುವ ಹುಡುಗರಿಗೆ ಒಂದು ಮಾತು ಗೊತ್ತಿರಲಿ: ಹೊರಗಿನಿಂದ ಬಂದರೆ ದೇಹ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಮೂಳೆಯ ಕಾವಲಿಗೆ ನಿಂತಿರುವುದು ಮುಖ್ಯವಾಗಿ ಈಸ್ಟ್ರೊಜೆನ್. ಗಂಡಸರ ದೇಹವೂ ಟೆಸ್ಟೊಸ್ಟೆರಾನಿನ ಒಂದು ಪಾಲನ್ನು ಈಸ್ಟ್ರೊಜೆನ್ ಆಗಿ ಮಾರ್ಪಡಿಸಿಕೊಂಡೇ ಮೂಳೆ ಕಾಪಾಡಿಕೊಳ್ಳುತ್ತದೆ. ದುಡಿತ ಹೆಚ್ಚಾಗಿ ಊಟ ಕಡಿಮೆಯಾದರೆ ಮಿದುಳು ಈ ಹಾರ್ಮೋನುಗಳ ಉತ್ಪತ್ತಿಗೇ ಕತ್ತರಿ ಹಾಕುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಯ ಬಗ್ಗೆ ಎಚ್ಚರಿಸಿದ್ದು ಆಟಗಾರರನ್ನು. ಬರೀ ಚಹಾ ಕುಡಿದು ಮಧ್ಯಾಹ್ನದವರೆಗೆ ಚೀಲ ಹೊರುವವನ ದೇಹವೂ ಅದೇ ದೇಹ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬ್ಯಾಳಿ, ಮೊಸರು, ಶೇಂಗಾ ಹಿಂಡಿ ಹೊಟ್ಟೆ ತುಂಬ ಸಿಗಬೇಕು.

ಈಸ್ಟ್ರೊಜೆನ್ ಹಠಾತ್ತನೆ ಇಳಿಯುವುದು ಮುಟ್ಟು ನಿಂತ ಹೆಂಗಸರಲ್ಲಿ. ಮೊದಲ ಕೆಲವು ವರ್ಷ ಮೂಳೆ ಬಲು ಬೇಗ ಸವೆಯುತ್ತದೆ. ಅದೇ ವಯಸ್ಸಿಗೆ ಮನೆಯಲ್ಲಿ "ಭಾರ ಎತ್ತಬ್ಯಾಡ ಯವ್ವಾ, ಕುಂತಿರು" ಅನ್ನುವುದು ಶುರುವಾಗುತ್ತದೆ. ಪ್ರೀತಿಯ ಮಾತೇ ಹೌದು, ಆದರೆ ಮೂಳೆಗೆ ಹಿತವಲ್ಲ. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದವರು 58 ದಾಟಿದ, ಮೂಳೆ ಸವೆದಿದ್ದ 101 ಹೆಂಗಸರ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲ, ಅರ್ಧ ತಾಸು, ತರಬೇತುದಾರರ ಕಣ್ಣೆದುರು ಬಾರ್ಬೆಲ್ ಎತ್ತಿದವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಎಂಟು ತಿಂಗಳಲ್ಲಿ ಶೇ. 2.9 ಹೆಚ್ಚಿತು. ಹಗುರ ವ್ಯಾಯಾಮ ಮಾಡಿದವರದು ಶೇ. 1.2 ಇಳಿಯಿತು. ಎಂಟು ತಿಂಗಳು ಯಾಕೆಂದರೆ, ಮೂಳೆಯ ಒಂದು ಸುತ್ತಿನ ದುರಸ್ತಿಗೇ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಸ್ನಾಯುವಿನಂತೆ ವಾರಗಳಲ್ಲಿ ಫಲ ಕಾಣುವುದಿಲ್ಲ.

ಹಾಗೆಂದು ನಾಳೆಯೇ ಅವ್ವನ ಕೈಗೆ ಜೋಳದ ಚೀಲ ಕೊಡಬೇಡಿ. ಬೆನ್ನು ಬಾಗಿದವರು, ಒಮ್ಮೆ ಮೂಳೆ ಮುರಿದವರು ಮೊದಲು ವೈದ್ಯರನ್ನು ಕಂಡು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿಕೊಳ್ಳಲಿ. ಉಳಿದವರು ಬಲ್ಲವರ ಎದುರು, ಹಗುರದಿಂದ ಶುರುಮಾಡಿ ತೂಕ ಏರಿಸುತ್ತ ಹೋಗಲಿ.

ಗಂಜ್‌ನ ಅಡತಿಯವರಲ್ಲೂ ಒಂದು ಕೋರಿಕೆ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಶಿಫಾರಸು ಮಾಡಿದ್ದು 1967ರಲ್ಲಿ. ಚೀಲಕ್ಕೆ 50 ಕಿಲೋಗಿಂತ ಹೆಚ್ಚು ತುಂಬಿಸಬೇಡಿ. ಲಾರಿಗೂ ಲಾರಿಗೂ ನಡುವೆ ಹಮಾಲರಿಗೆ ಕೂರಲು ನೆರಳು, ಕುಡಿಯಲು ನೀರು, ಉಣ್ಣಲು ಹೊತ್ತು ಕೊಡಿ.