ಮುಂದಿನ ವರ್ಷದ ಉಬ್ಬರ ಇವತ್ತೇ ಗೊತ್ತು

ಕುಮಟಾದ ಓದುಗರೊಬ್ಬರು ಸೊಗಸಾದ ಪ್ರಶ್ನೆ ಕಳಿಸಿದ್ದಾರೆ. ನಾಳೆ ಮಳೆ ಬರುತ್ತದೋ ಇಲ್ಲವೋ ಗಟ್ಟಿಯಾಗಿ ಹೇಳಲಾಗದವರು, ಮುಂದಿನ ವರ್ಷ ಇದೇ ದಿನ ಉಬ್ಬರ ಎಷ್ಟು ಗಂಟೆಗೆಂದು ಈಗಲೇ ಅಚ್ಚು ಹಾಕಿಸುವುದು ಹೇಗೆ?

ಚಂದ್ರ ಎಳೆಯುತ್ತಾನೆ, ನೀರು ಏಳುತ್ತದೆ ಎಂಬ ಶಾಲೆಯ ಪಾಠ ಇಲ್ಲಿ ಅರ್ಧ ದಾರಿಗೂ ಸಾಲದು. ಎಲ್ಲರಿಗೂ ಅವನೇ ಚಂದ್ರ. ಆದರೂ ದೊಡ್ಡ ಉಬ್ಬರದ ದಿನಗಳಲ್ಲಿ ಮಂಗಳೂರಿನ ದಕ್ಕೆಯಲ್ಲಿ ನೀರು ಏರಿಳಿಯುವುದು ಸುಮಾರು 1.5 ಮೀಟರ್, ಅದೇ ಅರಬ್ಬೀ ಸಮುದ್ರದ ಭಾವನಗರದಲ್ಲಿ 10 ಮೀಟರ್! ನ್ಯೂಜಿಲೆಂಡಿನ ಒಂದು ಮಗ್ಗುಲಲ್ಲಿ ಉಬ್ಬರವಿರುವಾಗ ಇನ್ನೊಂದು ಮಗ್ಗುಲಲ್ಲಿ ಇಳಿತವಿರುತ್ತದೆ. ಚಂದ್ರ, ಸೂರ್ಯ ಕಡಲನ್ನು ತೂಗುತ್ತಾರೆ. ಅದು ಎಲ್ಲಿ ಎಷ್ಟು ತುಳುಕಬೇಕೆಂಬುದು ತಳದ ಆಳ, ದಂಡೆಯ ಆಕಾರ ಮತ್ತು ಭೂಮಿಯ ತಿರುಗಾಟದ ಕೈಯಲ್ಲಿದೆ.

ಇಲ್ಲೊಂದು ಮಾತು ಹೇಳಲೇಬೇಕು. "ಸಮುದ್ರವನ್ನೇ ಎಬ್ಬಿಸುವ ಚಂದ್ರ, ನೀರೇ ತುಂಬಿದ ನಮ್ಮ ದೇಹವನ್ನು ಬಿಟ್ಟಾನೆಯೇ? ಅದಕ್ಕೇ ಹುಣ್ಣಿಮೆಗೆ ಮನಸ್ಸು ಕೆರಳುವುದು" ಎಂದು ಜನರನ್ನು ಹೆದರಿಸುವವರ ಮೇಲೆ ನನಗೆ ಸಿಟ್ಟಿದೆ. ಉಬ್ಬರಕ್ಕೆ ಕಾರಣ ಬರೀ ಎಳೆತವಲ್ಲ, ಎಳೆತದಲ್ಲಿನ ವ್ಯತ್ಯಾಸ. ಭೂಮಿಯ ಈ ಬದಿಗೂ ಆ ಬದಿಗೂ 12,700 ಕಿ.ಮೀ. ಅಂತರ ಇರುವುದರಿಂದ ಆ ವ್ಯತ್ಯಾಸ ಹುಟ್ಟುತ್ತದೆ. ಐದೂವರೆ ಅಡಿ ದೇಹದಲ್ಲಿ ಅದು ಎಲ್ಲಿಂದ ಬರಬೇಕು? ಲಿಂಗನಮಕ್ಕಿ ಜಲಾಶಯದ ನೀರೇ ಹುಣ್ಣಿಮೆಗೆ ಕಣ್ಣಿಗೆ ಕಾಣುವಷ್ಟು ಉಬ್ಬುವುದಿಲ್ಲ.

ಅಘನಾಶಿನಿ ಅಳಿವೆಯಲ್ಲಿ ಒಮ್ಮೆ ಎರಡು ದಿನ ಗಡಿಯಾರ ಹಿಡಿದು ಕೂತಿದ್ದೆ. ಬಳಚು ಆರಿಸುವ ಹೆಂಗಸರು ಮೊದಲ ದಿನ ನೀರಿಗಿಳಿದ ಹೊತ್ತಿಗಿಂತ ಮರುದಿನ ಮುಕ್ಕಾಲು ಗಂಟೆಯ ಮೇಲೆ ತಡವಾಗಿ ಬಂದರು. ಯಾರ ಕೈಯಲ್ಲೂ ಗಡಿಯಾರವಿರಲಿಲ್ಲ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವ ಲೆಕ್ಕ ಅವರ ದಿನಚರಿಯಲ್ಲೇ ಸೇರಿಹೋಗಿದೆ.

ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಈ ಬಗೆಯ ಅನುಭವವನ್ನೇ ಗಣಿತಕ್ಕೆ ಇಳಿಸಿದರು. ಒಂದು ಬಂದರಿನ ನೀರಿನ ಮಟ್ಟವನ್ನು ವರ್ಷವಿಡೀ ಬರೆದಿಟ್ಟು, ಆ ಗೋಜಲಿನಿಂದ ಸರಳ ಏರಿಳಿತಗಳನ್ನು ಒಂದೊಂದಾಗಿ ಬಿಡಿಸಬೇಕು. ಚಂದ್ರನದು 12 ಗಂಟೆ 25 ನಿಮಿಷದ್ದು, ಸೂರ್ಯನದು ಸರಿಯಾಗಿ 12 ಗಂಟೆಯದು, ಚಂದ್ರ ಹತ್ತಿರ ಬಂದು ದೂರ ಹೋಗುವುದಕ್ಕೆ ಇನ್ನೊಂದು, ಹೀಗೆ ಹತ್ತಾರು. ಅವಧಿಗಳನ್ನು ಆಕಾಶ ಕೊಡುತ್ತದೆ. ಪ್ರತಿಯೊಂದು ಎಷ್ಟು ದೊಡ್ಡದು, ಎಷ್ಟು ತಡ ಎಂಬುದನ್ನು ಆಯಾ ಬಂದರೇ ಹೇಳಬೇಕು. ಅದು ಸಿಕ್ಕಿತೆಂದರೆ ಮುಂದಿನದೆಲ್ಲ ಬರೀ ಕೂಡುವ ಲೆಕ್ಕ.

ಆ ಕೂಡುವುದಕ್ಕೆ ಅವರು 1872-73ರಲ್ಲಿ ಕಟ್ಟಿಸಿದ ಯಂತ್ರ ನನಗೆ ಅಚ್ಚುಮೆಚ್ಚು. ಸಾಲಾಗಿ ರಾಟೆಗಳು; ಒಂದೊಂದು ರಾಟೆಯೂ ತನ್ನ ಪಾಲಿನ ಏರಿಳಿತದ ವೇಗದಲ್ಲಿ ಮೇಲೆ ಕೆಳಗೆ ಆಡುತ್ತದೆ. ಎಲ್ಲದರ ಮೇಲೂ ಕೆಳಗೂ ಹಾದುಹೋಗುವ ತಂತಿ ಒಂದೇ. ಅದರ ಒಂದು ತುದಿಯನ್ನು ಬಿಗಿದು ಇನ್ನೊಂದು ತುದಿಗೆ ಲೇಖನಿ ಕಟ್ಟಿದ್ದಾರೆ. ಹಿಡಿ ತಿರುಗಿಸಿದರೆ ಸಾಕು, ರಾಟೆಗಳ ಆಟವನ್ನೆಲ್ಲ ತಂತಿಯೇ ಕೂಡಿಸುತ್ತದೆ, ಕಾಗದದ ಮೇಲೆ ಕಡಲು ಅಲೆಯಲೆಯಾಗಿ ಮೂಡುತ್ತದೆ. ವರ್ಷದ ಉಬ್ಬರವಿಳಿತ ನಾಲ್ಕು ಗಂಟೆಯಲ್ಲಿ! 1879ರಲ್ಲಿ ಎಡ್ವರ್ಡ್ ರಾಬರ್ಟ್ಸ್ ಇಂಥದೇ ಯಂತ್ರವೊಂದನ್ನು ಭಾರತದ ಬಂದರುಗಳಿಗೆಂದೇ ರೂಪಿಸಿದರು. ಈಗ ಆ ಕೆಲಸ ಕಂಪ್ಯೂಟರಿನದು. 1992ರಲ್ಲಿ ಹಾರಿದ ಟೋಪೆಕ್ಸ್-ಪೊಸೈಡನ್ ಉಪಗ್ರಹದ ನಂತರ ನಡುಗಡಲಿನ ಉಬ್ಬರವೂ ಕೆಲವೇ ಸೆಂಟಿಮೀಟರುಗಳ ವ್ಯತ್ಯಾಸದಲ್ಲಿ ಲೆಕ್ಕಕ್ಕೆ ಸಿಗುತ್ತಿದೆ. ಕೂಡುವ ಬಗೆ ಮಾತ್ರ ಹಳೆಯದೇ.

ಓದುಗರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ದಂಡೆಗೆ ಇಳಿದ ಕಥೆಯಲ್ಲಿದೆ. 1943ರ ಅಕ್ಟೋಬರಿನಲ್ಲಿ ಲಿವರ್‌ಪೂಲ್ ಬಳಿಯ ಬಿಡ್ಸ್‌ಟನ್‌ನಲ್ಲಿದ್ದ ಉಬ್ಬರವಿಳಿತದ ತಜ್ಞ ಆರ್ಥರ್ ಡೂಡ್ಸನ್ ಅವರಿಗೆ ಒಂದು ಗುಪ್ತ ಪತ್ರ ಬಂತು. ಊರಿನ ಹೆಸರಿಲ್ಲ, 'ಝಡ್' ಎಂಬ ಗುರುತು, ಕೆಲವು ಅಂಕಿಗಳು, ಅಷ್ಟೆ. ಅವನ್ನು ರಾಟೆಯ ಯಂತ್ರಕ್ಕೆ ಹಾಕಿ ಬರುವ ಬೇಸಿಗೆಯ ಉಬ್ಬರವಿಳಿತ ತೆಗೆದುಕೊಟ್ಟರು. ಜರ್ಮನ್ನರು ದಂಡೆಯಲ್ಲಿ ನೆಟ್ಟ ಅಡೆತಡೆಗಳು ಕಣ್ಣಿಗೆ ಬೀಳಬೇಕಾದರೆ ಮುಂಜಾವಿನ ಹೊತ್ತಿಗೆ ನೀರು ಇಳಿದಿರಬೇಕಿತ್ತು. ಅದಕ್ಕೆ ಹೊಂದುವ ದಿನಗಳು ಜೂನ್ 5, 6, 7 ಎಂದು ತಿಂಗಳುಗಳ ಮೊದಲೇ ತಿಳಿದಿತ್ತು. ದಂಡು ದಂಡೆಗಿಳಿಯಬೇಕಾದದ್ದು 5ಕ್ಕೆ. ಕೊನೆಗಳಿಗೆಯಲ್ಲಿ ಹವೆ ಕೆಟ್ಟು, ಒಂದು ದಿನ ಮುಂದೂಡಬೇಕಾಯಿತು.