ಕಾಗದದಂಥ ತಕ್ಕಡಿ, ಕಾಲಿಗೊಂದು ಕಾವಲು

ಸಕ್ಕರೆ ಕಾಯಿಲೆ ಹಳೆಯದಾದರೆ ಎಷ್ಟೋ ಜನರ ಅಂಗಾಲು ಜೋಮು ಹಿಡಿಯುತ್ತದೆ. ಚಪ್ಪಲಿ ಒತ್ತಿದರೂ ನೋವು ಗೊತ್ತಾಗೋಲ್ಲ. ಒತ್ತಿದ ಕಡೆ ಹುಣ್ಣಾಗಿ, ಕೊನೆಗೆ ಕಾಲು ಕತ್ತರಿಸುವ ತನಕ ಹೋದೀತು.

ಒತ್ತಡ ಎಲ್ಲಿ ಜಾಸ್ತಿ? ಅದನ್ನು ಹೇಳೋಕೆ ತೆಳು ಸೆನ್ಸರ್‌ಗಳುಂಟು. ದಪ್ಪ ಸುಮಾರು 0.2 ಮಿಲಿಮೀಟರ್. ಎರಡು ಪ್ಲಾಸ್ಟಿಕ್ ಹಾಳೆ, ನಡುವೆ ವಿಶೇಷ ಶಾಯಿ. ಒತ್ತಿದಷ್ಟೂ ಕರೆಂಟಿಗೆ ತಡೆ ಕಡಿಮೆ. ಇಂಥವನ್ನು ಜೋಡಿಸಿದ ಅಟ್ಟೆಯನ್ನು ಬೂಟಿನೊಳಗಿಟ್ಟು ರೋಗಿಯನ್ನು ನಡೆಸಿ ನೋಡುತ್ತಾರೆ. ಆಮೇಲೆ ಆ ಜಾಗದ ಒತ್ತಡ ಇಳಿಯುವಂತೆ ಪಾದರಕ್ಷೆ ತಿದ್ದುತ್ತಾರೆ.

ಆದರೆ ಸ್ವಾಮಿ, ಸೀಲು ಬೀಳದ ತಕ್ಕಡಿಯನ್ನು ಯಾವ ಗಿರಾಕಿ ನಂಬಿಯಾನು? ಇದಕ್ಕೂ ಅದೇ ನ್ಯಾಯ. ಅಳೆಯಬೇಕಾದ ಭಾರಕ್ಕಿಂತ 10 ಪರ್ಸೆಂಟ್ ಹೆಚ್ಚು ಹೇರಿ, ನಾಲ್ಕೈದು ಸಲ ಮೊದಲು ಪಳಗಿಸಬೇಕು. ಬಳಿಕ ಗೊತ್ತಿರುವ ತೂಕದ ಬಟ್ಟುಗಳನ್ನು ಒಂದೊಂದಾಗಿ ಇಟ್ಟು ಅಂಕಿ ಬರೆದುಕೊಳ್ಳಬೇಕು. ಭಾರ ಅಷ್ಟೇ ಇದ್ದರೂ ಅಂಕಿ ಮೆಲ್ಲಗೆ ಜರುಗುತ್ತದೆ; ಅದಕ್ಕೇ ಪ್ರತಿ ಸಲವೂ ಒಂದೇ ಹೊತ್ತು ಕಾದು ಓದಬೇಕು.

ಬಾಗುತ್ತದೆ ಅಂತ ಮಡಿಸಿದರೆ ಕೆಟ್ಟಿತು. ಶಾಖ, ತೇವ ತಾಕಿದರೆ ಲೆಕ್ಕ ತಪ್ಪೀತು. ಆಗಾಗ ಬಟ್ಟು ಇಟ್ಟು ತಾಳೆ ನೋಡಲೇಬೇಕು.

ಅಂಗಡಿ ತಕ್ಕಡಿ ತಪ್ಪಿದರೆ ಹೋಗೋದು ನಾಲ್ಕು ಕಾಸು. ಇದು ತಪ್ಪಿದರೆ ಕಾಲೇ ಹೋದೀತು!